ಕುಡೀಬ್ಯಾಡ

ನಾರಾಯಣಪೇಟೆಯ ತಹಸೀಲ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಮಂದಿಯ ಹೊಲಗಳ ಚಕ್ಕುಬಂದಿ ಬರೆದು ನಿವೃತ್ತನಾದ ದಿನ, ಮನೆಗೆ ಬಂದು ಶಾಲು ಹಾರ ದೇವರ ಮುಂದಿಟ್ಟು ಹೆಂಡತಿಯನ್ನು ಒಂದು ಮಾತು ಕೇಳಿದೆ.

"ಪದ್ಮಾ, ಇಷ್ಟು ವರ್ಷ ನಿನಗ ಏನು ಬೇಕಂತ ನಾ ಕೇಳಲೇ ಇಲ್ಲ. ಈಗ ಕೇಳ್ತೀನಿ. ಏನು ಬೇಕು ಹೇಳು."

ಪದ್ಮಾಬಾಯಿ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ. ಈ ಪ್ರಶ್ನೆ ಇವತ್ತು ಬರುತ್ತದೆಂದು ಪಂಚಾಂಗದಲ್ಲೇ ನೋಡಿಟ್ಟುಕೊಂಡವಳ ಹಾಗೆ, "ಕಾಯಾಕ್" ಅಂದಳು.

ನನಗೆ ಕೇಳಿಸಿದ್ದು ಕಾಯಿಕ. ಆ ಪದ ನಮ್ಮ ಮನೆಗೆ ಹೊಸದಲ್ಲ. ಕಾಯಿಕ, ವಾಚಿಕ, ಮಾನಸಿಕ ಎಂದು ಸೇವೆ ಮೂರು ಬಗೆ. ನನ್ನ ತಂದೆ ಸಂಜೆ ಪದ್ಯ ಹೇಳಿ ಅರ್ಥ ಬಿಡಿಸುವಾಗ ಈ ಮೂರನ್ನು ಬೆರಳು ಮಡಿಚಿ ಎಣಿಸುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಹಾಡುವ ಕಂಠ ನನಗೆ ಬರಲಿಲ್ಲ, ಕೇಳುವ ಕಿವಿ ಬಂತು.

"ಆಗಲಿ, ಮಾಡಿಸೋಣ. ಮಂತ್ರಾಲಯದಾಗೋ, ಇಲ್ಲೇ ನಮ್ಮ ಪ್ರಾಣದೇವರ ಗುಡ್ಯಾಗೋ?" ಅಂದೆ.

ಅವಳು ನನ್ನ ಮುಖ ನೋಡಿ, ಬತ್ತಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಉರುಳುಸೇವಾ ಅಲ್ರೀ! ದೋಣಿ. ಒಬ್ಬರೇ ಕೂತು ಒಬ್ಬರೇ ಹುಟ್ಟು ಹಾಕೋ ಸಣ್ಣ ದೋಣಿ. ಜೂರಾಲ ಆಣೆಕಟ್ಟಿನ ಹಿನ್ನೀರಿನಾಗ ಶುರು ಮಾಡ್ಯಾರಂತ. ಸಂಗಡ ಗೈಡ್ ಬರ್ತಾರ. ಭಜನಾ ಮಂಡಳಿ ಗ್ರೂಪಿನಾಗ ಪ್ರಶಾಂತಿ ವಿಡಿಯೋ ಹಾಕಿದ್ಲು."

ಹೊಳೆ, ದೋಣಿ ಅವಳಿಗೆ ಹೊಸವಲ್ಲ. ಕೃಷ್ಣೆಯ ನಡುಗಡ್ಡೆಯ ಗುಡಿಗಳಿಗೆ ನಾವು ವರ್ಷಕ್ಕೊಮ್ಮೆಯಾದರೂ ಪುಟ್ಟಿಯಲ್ಲಿ ಹೋಗುತ್ತಿದ್ದೆವು. ಪುಟ್ಟಿಯೆಂದರೆ ಬುಟ್ಟಿಯಂಥ ದುಂಡು ದೋಣಿ. ಅದರಲ್ಲಿ ಹೆಂಗಸರನ್ನು ನಡುವೆ ಕೂರಿಸಿ, ಸುತ್ತ ಗಂಟುಮೂಟೆ ಇಟ್ಟು, "ಅಮ್ಮಾರ, ಅಲ್ಲಾಡಬ್ಯಾಡ್ರಿ" ಎಂದು ಅಂಬಿಗ ಹೇಳುತ್ತಿದ್ದ. ಅವನು ಮರೆತರೆ ನಾನು ಹೇಳುತ್ತಿದ್ದೆ.

"ಐವತ್ತೆಂಟು ವರ್ಷ ಅಲ್ಲಾಡದ ಕೂತೀನಿ. ಒಂದೇ ಒಂದು ಸಲ ಹುಟ್ಟು ನನ್ನ ಕೈಯಾಗ ಇರಬೇಕು. ನಾ ತಿರುಗಿಸಿದ ಕಡೆ ಅದು ತಿರುಗಬೇಕು. ಅಷ್ಟs" ಎಂದಳು ಪದ್ಮಾ.

ಅವಳಿಗೆ ಈಜು ಬರುವುದಿಲ್ಲ. ನನಗೂ ಬರುವುದಿಲ್ಲ. ಕೇಳಿದವನು ನಾನೇ, ಇಲ್ಲವೆನ್ನುವ ಹಾಗಿರಲಿಲ್ಲ. ಅವಳ ಕೈಗೆ ಹುಟ್ಟು ಕೊಡುವ, ಆಮೇಲೆ ಅವಳನ್ನು ಹಾಗೇ ನನ್ನ ಕೈಗೆ ಮರಳಿ ಕೊಡುವ ಕಂಪನಿ ಯಾವುದು? ಅದನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಮೊಬೈಲಿನಲ್ಲಿ ನಾಲ್ಕು ಕಂಪನಿಗಳು ಸಿಕ್ಕವು. ನಾಲ್ಕಕ್ಕೂ ನಾಲ್ಕೂವರೆ ನಕ್ಷತ್ರ. ನಕ್ಷತ್ರಕ್ಕೆ ನಾಲ್ಕು ಪಾದ ಎಂದು ಗೊತ್ತು. ನಾಲ್ಕೂವರೆಯೆಂದರೆ ನಾಲ್ಕು ನಕ್ಷತ್ರ ಮತ್ತು ಐದನೆಯದರ ಎರಡನೇ ಪಾದ ಎಂದು ಲೆಕ್ಕ ಹಾಕಿದೆ. ಅದರಿಂದ ತಿಳಿದದ್ದು ಏನೂ ಇಲ್ಲ. ಕೆಳಗಡೆ ಹೋಗಿ ಬಂದವರ ಅಭಿಪ್ರಾಯಗಳಿದ್ದವು. ಒಬ್ಬ ಗೈಡನ ಬಗ್ಗೆ ಒಬ್ಬರು 'ತುಂಬಾ ಮಾತಾಡುತ್ತಾನೆ' ಎಂದಿದ್ದರು. ಅವನ ಬಗ್ಗೆಯೇ ಇನ್ನೊಬ್ಬರು 'ಬಾಯೇ ಬಿಡುವುದಿಲ್ಲ' ಎಂದಿದ್ದರು. ಇನ್ನೊಬ್ಬರು ಬರೀ ಮೀನಿನ ಊಟದ ಬಗ್ಗೆ ಬರೆದಿದ್ದರು. ಅದನ್ನು ಓದಿ ನಾನು ಮೊಬೈಲು ಕೆಳಗಿಟ್ಟು ಕೈ ತೊಳೆದುಕೊಂಡು ಬಂದೆ.

ಕೊನೆಗೆ ಕಚೇರಿಯ ಅಭ್ಯಾಸದಂತೆ ಗೆರೆ ಹಾಳೆ ತೆಗೆದು ಕಾಲಂ ಎಳೆದೆ. ಕಂಪನಿಯ ಹೆಸರು. ಎಷ್ಟು ಮಂದಿಗೆ ಒಬ್ಬ ಗೈಡು. ಜಾಕೀಟು ಕೊಡುತ್ತಾರೋ. ಗಾಳಿ ಎದ್ದರೆ ಏನು ಮಾಡುತ್ತಾರೆ. ಷರಾ. ಎರಡು ಕಂಪನಿಯವರು ಫೋನೇ ಎತ್ತಲಿಲ್ಲ. ಉಳಿದದ್ದು ಎರಡು: ಗದ್ವಾಲ ಕಡೆಯ ದಂಡೆಯಲ್ಲಿ 'ನೀಲಕಮಲ ಅಡ್ವೆಂಚರ್ಸ್', ಮಕ್ತಲ್ ಕಡೆಯ ದಂಡೆಯಲ್ಲಿ 'ಮೈಲಾರಲಿಂಗ ಬೋಟ್ ಸರ್ವಿಸ್'. ಷರಾ ಕಾಲಮಿನಲ್ಲಿ ಇಬ್ಬರ ಹೆಸರಿನ ಮುಂದೆಯೂ 'ತಿಳಿಯಲಿಲ್ಲ' ಎಂದು ಬರೆದೆ.

"ಕಣ್ಣಿಲೆ ನೋಡಿ ಬರೋಣ ನಡೀರಿ" ಅಂದಳು ಪದ್ಮಾ.

ಹೋಗುವುದಕ್ಕೆ ಮಾಘ ಶುದ್ಧ ಏಕಾದಶಿಯನ್ನು ಹಿಡಿದೆವು. ಅವತ್ತು ಅಡುಗೆಯಿಲ್ಲ, ಊಟವಿಲ್ಲ, ಪಾತ್ರೆ ತಿಕ್ಕುವುದಿಲ್ಲ, ದಿನವೆಲ್ಲ ಖಾಲಿ. ನಮ್ಮಲ್ಲಿ ಏಕಾದಶಿಗೆ ನೀರು ಸಹ ಮುಟ್ಟುವುದಿಲ್ಲ. ಹಿಂದಿನ ಸಂಜೆ ಮುಚ್ಚಿದ ಗಂಟಲು ದ್ವಾದಶಿಯ ಬೆಳಿಗ್ಗೆ ತೆರೆಯಬೇಕು. "ಬರೇ ನೋಡಿ ಬರೋದು. ನೀರಿಗೆ ಇಳಿಯೋದಲ್ಲ" ಎಂದು ನಾನು ಬಾಡಿಗೆ ಕಾರು ಹತ್ತುವ ಮುಂಚೆ ಹೇಳಿದೆ. ಅವಳು ಸೀರೆಯ ಕಚ್ಚೆಯನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದ್ದಳು.

ಮೊದಲು ಗದ್ವಾಲ ಕಡೆಗೆ ಹೋದೆವು. ನೀಲಕಮಲದವರ ಜಾಗ ಮದುವೆ ಮಂಟಪದಷ್ಟು ಚೊಕ್ಕವಾಗಿತ್ತು. ನೆರಳಿಗೆ ದೊಡ್ಡ ಛತ್ರಿ, ಸಾಲಾಗಿ ಹಳದಿ ದೋಣಿ, ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು. ಸಾಯಿಕುಮಾರ್ ಎಂಬ ಹುಡುಗ ಎದ್ದು ನಿಂತು ನಮಸ್ಕಾರ ಮಾಡಿ ತೆಲುಗಿನಲ್ಲಿ ಎಲ್ಲ ವಿವರಿಸಿದ. ಎಂಟು ಮಂದಿಗೆ ಒಬ್ಬ ಗೈಡು. ಗೈಡು ಮುಂದೆ ಹೋಗುತ್ತಾನೆ, ಉಳಿದವರು ಸಾಲಾಗಿ ಹಿಂದೆ. ಜಾಕೀಟು, ಸೀಟಿ, ಹೆಲ್ಮೆಟ್ಟು, ಎಲ್ಲಾ ಉಂಟು. ಗಾಳಿ ಎದ್ದರೆ ಆಚೆ ದಂಡೆಯಿಂದ ಮೋಟಾರು ದೋಣಿ ಬಂದು ಕರೆದೊಯ್ಯುತ್ತದೆ. ನಾನು ಕೇಳುವ ಮುಂಚೆಯೇ ನನ್ನ ಹಾಳೆಯ ಕಾಲಮುಗಳು ತುಂಬಿದವು. ಸ್ವರ ಕೇಳಿ ಮನುಷ್ಯನನ್ನು ತೂಗುವುದು ನನ್ನ ಚಾಳಿ. ಅವನ ಸ್ವರದಲ್ಲಿ ಕಪಟವಿರಲಿಲ್ಲ.

"ಆಂಟೀಗಾರಿಗೆ ಏನೂ ತೊಂದರೆ ಇಲ್ಲ ಸಾರ್. ಅರವತ್ತರ ಹತ್ತಿರದವರಿಗೆ ನಾವು ಡಬಲ್ ದೋಣಿ ಕೊಡುತ್ತೇವೆ. ಆಂಟಿ ಮುಂದೆ ಕೂತರೆ ಸಾಕು, ಹಿಂದೆ ನಮ್ಮ ಹುಡುಗ ಹುಟ್ಟು ಹಾಕುತ್ತಾನೆ. ಸುಮ್ಮನೆ ಹಿಡಿದು ಕೂರಲಿಕ್ಕೆ ಆಂಟಿಗೂ ಒಂದು ಹುಟ್ಟು ಕೊಡುತ್ತೇವೆ, ಫೋಟೋಗೆ ಚಂದ" ಎಂದ.

ನನ್ನ ಎದೆಯಿಂದ ಒಂದು ಚೀಲ ಇಳಿಸಿದ ಹಾಗಾಯಿತು. ಇದಕ್ಕಿಂತ ಸುರಕ್ಷಿತ ಇನ್ನೇನು ಬೇಕು? ಪದ್ಮಾಳ ಕಡೆ ನೋಡಿದೆ. ಅವಳು ಹಳದಿ ದೋಣಿಯ ಮುಂದಿನ ಸೀಟನ್ನು ನೋಡುತ್ತಿದ್ದಳು.

"ಒಬ್ಬಾಕಿನೇ ಹೋಗಂಗಿಲ್ಲೇನಪ್ಪಾ?" ಎಂದಳು.

"ಇಲ್ಲಾಂಟಿ, ರೂಲ್ಸು. ಆಮೇಲೆ ಸೀರೆ ಕೂಡ ನಡೆಯುವುದಿಲ್ಲ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಬೇಕು."

ಕಾರು ಮಕ್ತಲ್ ಕಡೆಗೆ ತಿರುಗಿತು. ಆಣೆಕಟ್ಟಿನ ಮೇಲಿನ ರಸ್ತೆ ದಾಟುವಾಗ ನಾನೇ ಬಾಯಿ ಬಿಟ್ಟೆ. "ಎಲ್ಲಾ ಛಲೋ ಅದ ಅಲ್ಲಾ? ಮೋಟಾರು ದೋಣಿ ಸುದ್ದಾ ಇಟ್ಟಾರ."

"ಛಲೋ ಅದ. ಪುಟ್ಟ್ಯಾಗ ನಡುವ ಕೂಡ್ತಿದ್ದೆ, ಇಲ್ಲಿ ಮುಂದ ಕೂಡ್ತೀನಿ. ಬಡ್ತಿ ಸಿಕ್ಕಂಗಾತು."

ಆಮೇಲೆ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಅವಳು ಸಿಟ್ಟಿನಲ್ಲಿ ಹೇಳಿದಳೋ ತಮಾಷೆಗೆ ಹೇಳಿದಳೋ ಗೊತ್ತಾಗಲಿಲ್ಲ. ಸುರಕ್ಷಿತವಾದದ್ದನ್ನು ಆರಿಸಿದರೆ ಅವಳು ಕೇಳಿದ್ದನ್ನು ಕೊಟ್ಟ ಹಾಗಲ್ಲ. ಅವಳು ಕೇಳಿದ್ದನ್ನು ಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಹಾಳೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಮಕ್ತಲ್ ಕಡೆಯ ದಂಡೆಯಲ್ಲಿ ಛತ್ರಿಯೂ ಇಲ್ಲ, ಗೋಡೆಯೂ ಇಲ್ಲ. ಒಂದು ಬೇವಿನ ಮರ, ಕೆಳಗೆ ಹೊರಸು, ಹೊರಸಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಅರವತ್ತೈದರ ಕಿಷ್ಟಪ್ಪ. ಕೆ.ಟಿ. ದೊಡ್ಡಿ ಎಂಬ ಊರಿನ ಕುರುಬರ ಮನುಷ್ಯ. ನೀರಿನ ಅಂಚಿನಲ್ಲಿ ಆರು ದೋಣಿಗಳನ್ನು ಒಂದೇ ಹಗ್ಗಕ್ಕೆ ಕೊರಳು ಕಟ್ಟಿದ ಹಾಗೆ ಕಟ್ಟಿದ್ದ.

"ಬರ್ರಿ ಸಾರ್, ಬರ್ರಿ ಅಮ್ಮಾರ. ನಲವತ್ತು ಕುರಿ ಹೋಗಿ ಆರು ದೋಣಿ ಬಂದಾವ ನೋಡ್ರಿ. ಇವಕ ಮೇವು ಬೇಕಾಗಿಲ್ಲ, ಇವು ಮರಿನೂ ಹಾಕಂಗಿಲ್ಲ" ಎಂದು ನಕ್ಕ.

"ಗೈಡ್ ಯಾರು?" ಎಂದೆ, ಹಾಳೆ ಬಿಚ್ಚುತ್ತ.

"ನನ್ನ ಮಗಳು ಮಲ್ಲೇಶ್ವರಿ. ಸರಕಾರದವರ ಕ್ಯಾಂಪಿಗೆ ಹೋಗಿ ಕಲ್ತು ಬಂದಾಳ. ನಾ ಬರೇ ದೋಣಿ ಕಾಯಾಂವ."

ಮಲ್ಲೇಶ್ವರಿ ನೀರಿನಿಂದ ಬಂದಳು. ಇಪ್ಪತ್ತೆಂಟು ಇರಬಹುದು. ನಮಸ್ಕಾರಕ್ಕೂ ಮುಂಚೆ ತಂಬಿಗೆ ತಂದು ಪದ್ಮಾಳ ಮುಂದೆ ಹಿಡಿದಳು. "ಮೊದ್ಲ ನೀರು ಕುಡೀರಿ ಅಮ್ಮಾರ. ಬಿಸಿಲಾಗ ಬಂದೀರಿ."

"ಇವತ್ತು ಏಕಾದಶಿ ಅದ ತಾಯಿ. ನೀರು ಕುಡಿಯಂಗಿಲ್ಲ" ಎಂದೆ ನಾನು.

"ಒಂದು ಗುಟುಕೂ ಇಲ್ಲೇನ್ರಿ?"

"ಇಲ್ಲ."

ಅವಳಿಗೆ ಅದು ಸರಿಬರಲಿಲ್ಲ. ನೀರಿಗೆ ಇಳಿಯುವವರು ನೀರು ಕುಡಿದಿರಬೇಕು, ಇಲ್ಲದಿದ್ದರೆ ತಲೆ ತಿರುಗುತ್ತದೆ, ಕ್ಯಾಂಪಿನಲ್ಲಿ ಹಾಗೇ ಕಲಿಸಿದ್ದಾರೆ ಎಂದು ಇನ್ನೆರಡು ಸಲ ಹೇಳಿದಳು. ನಾನು ಇನ್ನೆರಡು ಸಲ ಕೈ ಅಡ್ಡ ಹಿಡಿದೆ. ಈ ಹುಡುಗಿ ನೀರು ಕುಡಿಸದೆ ಬಿಡುವವಳಲ್ಲ ಎಂದು ಆಗಲೇ ನನ್ನ ಮನಸ್ಸಿಗೆ ಹೊಕ್ಕಿತು.

ನನ್ನ ಕಾಲಮುಗಳನ್ನು ಕೇಳಿದೆ. ಎಷ್ಟು ಮಂದಿಗೆ ಒಬ್ಬ ಗೈಡು? "ಮೂರು. ನಾಕನೇದವರು ಬಂದ್ರ ನಾಳಿ ಬರ್ರಿ ಅಂತೀನ್ರಿ." ಗಾಳಿ ಎದ್ದರೆ? "ಗಾಳಿ ಏಳೂದು ನನಗಿಂತ ಮೊದ್ಲ ಅಪ್ಪಗ ತಿಳೀತೈತಿ. ಸೀಟಿ ಊದ್ತಾನ, ಬಂದುಬಿಡ್ತೀವಿ." ಮುಂದೆ ಹೋಗುತ್ತೀಯೋ?

ಅದಕ್ಕೆ ಕಿಷ್ಟಪ್ಪ ನಡುವೆ ಬಾಯಿ ಹಾಕಿದ. "ಕುರಿ ಕಾಯೋರು ಮುಂದ ಹೋಗ್ತಾರೇನ್ರಿ ಸಾರ್? ಹಿಂದ ಇರಬೇಕು. ಮುಂದ ಹೋದ್ರ ಯಾವುದು ಕುಂಟಾಕತ್ತೈತಿ ಅಂತ ಹೆಂಗ ತಿಳಿಬೇಕು?"

ಇದು ನನಗೆ ಹಿಡಿಸಿತು. ಬರೆದುಕೊಂಡೆ. ಆದರೆ ಗೋಡೆಯಿಲ್ಲದ ಕಂಪನಿ, ಚೌಕಟ್ಟಿಲ್ಲದ ಪ್ರಮಾಣಪತ್ರ, ಮೋಟಾರು ದೋಣಿಯೂ ಇಲ್ಲ. ಕಾಗದದ ಮೇಲೆ ನೀಲಕಮಲವೇ ಮೇಲು, ಕಿವಿಗೆ ಇದು ಮೇಲು. ನಾನು ಪೆನ್ನು ಹಿಡಿದು ನಿಂತಿದ್ದಾಗ ಪದ್ಮಾ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋಗಿದ್ದಳು.

"ಸೀರಿ ನಡೀತದೇನವ್ವಾ?" ಎಂದು ಕೇಳಿದಳು.

ಮಲ್ಲೇಶ್ವರಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಕಚ್ಚಿ ಸೀರಿ ಇದ್ರ ಬೇಷ್ ನಡೀತೈತ್ರಿ. ಕಾಲು ಬಿಡಿ ಇರತಾವ."

"ಒಬ್ಬಾಕಿನೇ ಕೂಡಬಹುದೇನು?"

"ಇದರಾಗ ಒಬ್ಬರೇ ಹಿಡಿಸೋದು."

ಪದ್ಮಾ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಬೇಡವೆನ್ನುತ್ತಿದ್ದೆ. ಅದು ಅವಳಿಗೂ ಗೊತ್ತು. ಜಾಕೀಟಿನೊಳಗೆ ಕೈ ತೂರಿಸಿಬಿಟ್ಟಳು. ಉಪವಾಸದವರೆಂದು ಮಲ್ಲೇಶ್ವರಿಯೇ ಹದ್ದು ಹಾಕಿದಳು: ದಂಡೆಯ ಉದ್ದಕ್ಕೂ ಅಷ್ಟೇ, ಎದೆಮಟ್ಟ ನೀರು ದಾಟುವಂತಿಲ್ಲ, ಆ ಕರಿ ಬಂಡೆಯವರೆಗೆ ಹೋಗಿ ತಿರುಗುವುದು. ಹುಟ್ಟು ಹಿಡಿಯುವುದನ್ನು ದಂಡೆಯ ಮೇಲೇ ಕಾಲು ತಾಸು ಕಲಿಸಿದಳು. ಪದ್ಮಾ ಭಜನೆಗೆ ತಾಳ ಕಲಿತವಳು. ಎಡ ಬಲ, ಎಡ ಬಲ, ಕೈ ಕೂಡಲೇ ಕೂತಿತು.

ಅವಳ ದೋಣಿ ಹೊರಟಿತು. ಹಿಂದೆ ಹತ್ತು ಮಾರು ದೂರದಲ್ಲಿ ಮಲ್ಲೇಶ್ವರಿಯ ದೋಣಿ. ನಾನು ನೀರಿನ ಅಂಚಿನಲ್ಲಿ ಧೋತರ ಎತ್ತಿ ಹಿಡಿದು ನಿಂತೆ. ಹೊತ್ತು ನೆತ್ತಿಯ ಮೇಲಿತ್ತು. ನಾಲಿಗೆ ಅಂಗಳಕ್ಕೆ ಅಂಟಿತ್ತು. ಎದುರಿಗೆ ಕಣ್ಣು ಹಾಯುವಷ್ಟೂ ನೀರು.

ಬಂಡೆಯ ಹತ್ತಿರ ಬೆಸ್ತರು ಬಲೆ ಹಾಕಿದ್ದರಂತೆ, ಎಡಗಡೆಗೆ. ಅದನ್ನು ಕಂಡ ಮಲ್ಲೇಶ್ವರಿ ಹಿಂದಿನಿಂದ ಕೂಗಿದಳು. ಅಲ್ಲಿಯ ತನಕ ನಮ್ಮೊಡನೆ ಕನ್ನಡದಲ್ಲೇ ಮಾತಾಡಿದ ಹುಡುಗಿ ಅವಸರಕ್ಕೆ ತೆಲುಗಿಗೆ ಹೊರಳಿದಳು.

"ಕುಡಿ! ಕುಡಿ! ಅಮ್ಮಾ, ಕುಡಿ!"

ತೆಲುಗಿನಲ್ಲಿ ಕುಡಿ ಎಂದರೆ ಬಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಮೂವತ್ನಾಲ್ಕು ವರ್ಷ ತೆಲುಗು ದಾಖಲೆಗಳಲ್ಲಿ 'ಕುಡಿ ಪಕ್ಕ ಇಂಥವರ ಹೊಲ, ಎಡಮ ಪಕ್ಕ ಇಂಥವರ ಬಾವಿ' ಎಂದು ಓದಿದವನು ನಾನು. ಬೇರೆ ಯಾವ ದಿನವಾದರೂ ತಿಳಿಯುತ್ತಿತ್ತು. ಆದರೆ ಅವತ್ತು ಹದಿನೆಂಟು ತಾಸಿನಿಂದ ಹನಿ ನೀರು ಕಾಣದ ಮನುಷ್ಯನ ಕಿವಿಗೆ ಆ ಪದಕ್ಕೆ ಒಂದೇ ಅರ್ಥ ಉಳಿದಿತ್ತು. ಈ ಹುಡುಗಿ ಬಿಡಲಿಲ್ಲವಲ್ಲ, ನಡುನೀರಿನಲ್ಲಿ ಹಿಡಿದು ಕುಡಿಸಲು ಹೊರಟಳಲ್ಲ ಎಂದು ನನಗೆ ಅನಿಸಿತು. ಅಥವಾ ಪದ್ಮಾಳಿಗೆ ತಲೆ ತಿರುಗಿರಬೇಕು. ಎರಡೂ ಒಟ್ಟಿಗೇ ಅನಿಸಿತು. ಇಪ್ಪತ್ತೈದು ವರ್ಷ ಬಿಡದೆ ನಡೆಸಿದ ವ್ರತ ಕಣ್ಣ ಮುಂದೆ ಮುರಿಯುತ್ತಿದೆ.

ನಾನು ಒದರಿದೆ. ನನ್ನ ಗಂಟಲಿನಲ್ಲಿ ಅಂಥ ಸದ್ದು ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಪದ್ಮಾ! ಕುಡೀಬ್ಯಾಡ! ಕುಡೀಬ್ಯಾಡಾ!"

ಪದ್ಮಾ ಆಗ ಸರಿಯಾಗಿ ಬಲಕ್ಕೆ ತಿರುಗುತ್ತಿದ್ದಳು. ಅವಳಿಗೆ ಕುಡಿ ಎಂದದ್ದು ತೆಲುಗಿನ ಕುಡಿಯಾಗಿಯೇ ಕೇಳಿಸಿತ್ತು. ಹಾಗಿರುವಾಗ ಗಂಡನ ಕೂಗು ಬಂತು: ಕುಡಿ ಬ್ಯಾಡ. ಅರ್ಧ ತೆಲುಗು ಅರ್ಧ ಕನ್ನಡ ಸೇರಿಸಿ ಮಾತಾಡುವುದು ನಮ್ಮ ಕಡೆ ದಿನದ ಸಂಗತಿ. ಎಂದೂ ದನಿ ಎತ್ತದ ಮನುಷ್ಯ ಇಷ್ಟು ಒದರುತ್ತಿದ್ದಾನೆಂದರೆ ಬಲಗಡೆ ಏನೋ ಕಂಡಿರಬೇಕು, ಹಾವೋ ಮೊಸಳೆಯೋ ಎಂದು ಅವಳು ಹುಟ್ಟನ್ನು ಸರ್ರನೆ ಇನ್ನೊಂದು ಕಡೆಗೆ ಒತ್ತಿದಳು. ದೋಣಿ ಅವಳು ಹೇಳಿದ ಹಾಗೇ ಕೇಳಿತು. ನೆಟ್ಟಗೆ ಬಲೆಯೊಳಗೆ ಹೋಯಿತು.

ಬಲೆಯ ಅಂಚಿಗೆ ಕಟ್ಟಿದ ಪ್ಲಾಸ್ಟಿಕ್ ಬಾಟಲಿಗಳು ಬುಳುಬುಳು ಎದ್ದವು. ಹುಟ್ಟು ಸಿಕ್ಕಿಕೊಂಡಿತು. ಹಳೆಯ ಮನೆಯ ಬಾಗಿಲು ತೆರೆಯುವ ಹಾಗೆ ದೋಣಿ ನಿಧಾನಕ್ಕೆ ಒಂದು ಬದಿಗೆ ಹೊರಳಿ, ನನ್ನ ಹೆಂಡತಿ ಕಾಣಿಸದಾದಳು.

ಆಮೇಲೆ ಏನಾಯಿತೋ ನನಗೆ ಸಾಲಾಗಿ ನೆನಪಿಲ್ಲ. ನಾನು ನೀರೊಳಗೆ ಇದ್ದೆ. ಮೊಣಕಾಲು, ತೊಡೆ, ಸೊಂಟ. ಕೈಯಲ್ಲಿ ಹಾಳೆ ಹಾಗೇ ಇತ್ತು. ಹಿಂದಿನಿಂದ ಕಿಷ್ಟಪ್ಪ ನನ್ನ ಅಂಗಿ ಹಿಡಿದು, "ನಿಂದ್ರು ಸಾರ್, ನಿಂದ್ರು, ನೀನೊಬ್ಬ ಬಿದ್ದಿ ಅಂದ್ರ ನಾ ಯಾರ್ನ ಹಿಡೀಲಿ!" ಎಂದು ಕೂಗುತ್ತಿದ್ದ. ಅವಸರದಲ್ಲಿ ಅವನ 'ರಿ' ಬಿಟ್ಟುಹೋಗಿತ್ತು. ಮಲ್ಲೇಶ್ವರಿ ಆಗಲೇ ತನ್ನ ದೋಣಿಯಿಂದ ಹಾರಿದ್ದಳು. ಅವಳ ಕೈ ತಲುಪುವ ಹೊತ್ತಿಗೆ ಪದ್ಮಾ ತಾನೇ ಎದ್ದು ನಿಂತಿದ್ದಳು. ನೀರು ಅವಳ ಎದೆಗೂ ಬಂದಿರಲಿಲ್ಲ. ಜಾಕೀಟು ಕಿವಿಯ ತನಕ ಏರಿತ್ತು. ಹುಟ್ಟನ್ನು ಬಿಟ್ಟಿರಲಿಲ್ಲ.

"ಏನಿತ್ರೀ ಬಲಗಡೆ?" ಎಂದು ಅಲ್ಲಿಂದಲೇ ನನ್ನನ್ನು ಕೇಳಿದಳು.

"ಬಲಗಡೆ? ಏನೂ ಇರಲಿಲ್ಲ."

"ಮತ್ತ ಕುಡಿ ಬ್ಯಾಡ ಅಂದ್ರಲ್ಲ?"

"ಕುಡೀಬ್ಯಾಡ ಅಂದೆ. ನೀರು. ನೀರು ಕುಡೀಬ್ಯಾಡ ಅಂತ."

ಮೂರು ಮಂದಿಯೂ ನನ್ನ ಮುಖ ನೋಡಿದರು. ಮೊದಲು ತಿಳಿದದ್ದು ಕಿಷ್ಟಪ್ಪನಿಗೆ. ನನ್ನ ಅಂಗಿ ಬಿಟ್ಟು, ನೀರಿನಲ್ಲೇ ತೊಡೆ ತಟ್ಟಿಕೊಂಡು, ಬಂಡೆಯ ಮೇಲಿನ ಕೊಕ್ಕರೆಗಳು ಹಾರುವ ಹಾಗೆ ನಕ್ಕ. ಮಲ್ಲೇಶ್ವರಿ ಅವನ ಮೇಲೆ ರೇಗಿದಳು, "ಸುಮ್ಕಿರಪ್ಪಾ!" ಅಂತ. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಪದ್ಮಾ ಮಾತ್ರ ನಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಕುಡಿದ್ನಿರೀ" ಎಂದಳು. "ಬಿದ್ದಾಗ ಒಂದು ಗುಟುಕು ಒಳಗ ಹೋತು."

ನಗು ನಿಂತಿತು. ದಂಡೆಗೆ ಬಂದು ಬೇವಿನ ಕೆಳಗೆ ಕೂತೆವು. ಮಲ್ಲೇಶ್ವರಿ ತನ್ನಪ್ಪನ ಕಂಬಳಿಯನ್ನು ಅವಳಿಗೆ ಹೊದಿಸಿದಳು. ಪದ್ಮಾ ಒಂದೇ ಮಾತು ಹೇಳಿದಳು, ಬಹಳ ಮೆಲ್ಲಗೆ.

"ವ್ರತ ಮುರಿದಿದ್ರ, ಇದು ನನಗ ಆಗಿಬರೋದಲ್ಲ ಅಂತ ತಿಳ್ಕೋತೀನಿ. ಮತ್ತ ಕೇಳಂಗಿಲ್ಲ. ಮನೀಗೆ ಹೋಗಿಬಿಡೋಣ."

ನನಗೆ ಬೇಕಾಗಿದ್ದ ಉತ್ತರ ತಾನಾಗಿ ಕೈಗೆ ಬಂದ ಹಾಗಾಯಿತು. ಹೂಂ ಎಂದರೆ ಮುಗಿಯಿತು. ಇನ್ನು ಯಾವ ಕಂಪನಿಯನ್ನೂ ಆರಿಸಬೇಕಾಗಿಲ್ಲ, ರಾತ್ರಿ ನಿದ್ದೆಯೂ ಬರುತ್ತದೆ. ಆದರೆ ಅವಳನ್ನು ಬಲೆಗೆ ಕೆಡವಿದ್ದು ನೀರೂ ಅಲ್ಲ, ದೋಣಿಯೂ ಅಲ್ಲ, ನನ್ನ ಗಂಟಲು. ಮಕ್ತಲಿನ ವಿದ್ಯಾಧೀಶಾಚಾರ್ಯರಿಗೆ ಫೋನು ಹಚ್ಚಿದೆ. ಮಠ ಬೇರೆಯಾದರೂ, ಧರ್ಮಸಂಕಟ ಬಂದಾಗ ನಮ್ಮ ಮನೆಯವರು ಕೇಳುವುದು ಅವರನ್ನೇ.

ಆಚಾರ್ಯರು ಬಾಯಿಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದರು. "ಹಾಂ ವಾದೀಂದ್ರರಾಯ್ರ, ಹೇಳ್ರಿ."

"ಆಚಾರ್ರ, ಊಟಾ ಮಾಡ್ಲಿಕ್ಕೆ ಹತ್ತೀರೇನು? ಇವತ್ತು?"

"ಮತ್ತ? ನಮ್ಮ ಮಠದ ಪಂಚಾಂಗದಾಗ ಏಕಾದಶಿ ನಾಳೆ. ಇವತ್ತು ದಶಮಿ. ನಿಮಗ ಇವತ್ತೇನು?"

ನನ್ನ ತಲೆ ಇನ್ನಷ್ಟು ಗೊಂದಲಕ್ಕೆ ಬಿತ್ತು. ಆದರೂ ನಡೆದದ್ದನ್ನು ಹೇಳಿದೆ. ಅವರು ನಡುವೆ ಮೂರು ಸಲ "ಯಾವ ದೋಣಿ?" ಎಂದು ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ನೀರು ಗುಟುಕರಿಸುವ ಸಪ್ಪಳ ಬಂತು. ಅವತ್ತಿನ ಮಟ್ಟಿಗೆ ಅದು ಕ್ರೂರವಾಗಿತ್ತು.

"ನೋಡ್ರಿ. ನಮ್ಮ ಲೆಕ್ಕಕ್ಕ ಇವತ್ತು ದಶಮಿ, ಅವರು ತಂಬಿಗಿಗಟ್ಟಲೆ ಕುಡಿದ್ರೂ ದೋಷ ಇಲ್ಲ. ಆದ್ರ ನೀವು ನಮ್ಮ ಮಠದವರಲ್ಲ. ನಿಮ್ಮ ಲೆಕ್ಕಕ್ಕ ಏಕಾದಶಿ. ಎಷ್ಟು ನೀರು ಹೋತು? ಉದ್ದಿನ ಕಾಳು ಮುಳುಗುವಷ್ಟಿದ್ರ ಆಚಮನಕ್ಕ ಸಮ. ಅದಕ್ಕಿಂತ ಹೆಚ್ಚಾದ್ರ—"

ಪದ್ಮಾ ಕೈ ಚಾಚಿ ಫೋನು ತೆಗೆದುಕೊಂಡು ಸ್ಪೀಕರ್ ಒತ್ತಿದಳು. "ಆಚಾರ್ರ, ನಮಸ್ಕಾರ. ಬೀಳೋವಾಗ ಕಾಳು ಒಯ್ದಿರಲಿಲ್ಲ, ಅಳೀಲಿಲ್ಲ. ಕುಡೀಬೇಕಂತ ಕುಡೀಲಿಲ್ಲ. ಪಾಚಿ ವಾಸನಿ ಇತ್ತು. ಮುರೀತೋ ಇಲ್ಲೋ, ಅಷ್ಟು ಹೇಳ್ರಿ."

ಆ ಕಡೆ ಆಚಾರ್ಯರು ಕೈ ತೊಳೆಯುವ ಸಪ್ಪಳ ಬಂತು. ಪದ್ಮಾ ಕಣ್ಣು ಮುಚ್ಚಿ ಕೂತಿದ್ದಳು. ಕಂಬಳಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಮುಖ ನೋಡಿದಾಗ, ಇದು ನಿವೃತ್ತಿಯ ಉಡುಗೊರೆಯ ಮಾತಲ್ಲವೆಂದು ನನಗೆ ಮೊದಲ ಸಲ ತಿಳಿಯಿತು. ಅವಳು ಬಹಳ ವರ್ಷದಿಂದ ಕಾದಿದ್ದಳು. ಮತ್ತೆ ಕೇಳುವುದಿಲ್ಲ ಎಂದರೆ ನಿಜವಾಗಿಯೂ ಕೇಳುವುದಿಲ್ಲ.

"ಬಾಯಾರ, ಸಂಕಲ್ಪ ಇಲ್ಲದ್ದು ಕುಡಿಯೋದಲ್ಲ. ನೀವು ಕುಡೀಲಿಲ್ಲ, ಬಿದ್ರಿ. ಬಿದ್ದದ್ದಕ್ಕ ವ್ರತ ಮುರೀತದಂತ ನಾ ಎಲ್ಲೂ ಓದಿಲ್ಲ. ಅಚ್ಯುತಾನಂತಗೋವಿಂದ ಅಂತ ಮೂರು ಸಲ ಅಂದುಬಿಡ್ರಿ, ಸಾಕು. ಮತ್ತ ಒಂದು ಕೇಳಲೇನು? ಆ ದೋಣ್ಯಾಗ ಎಂಬತ್ತು ಕಿಲೋದವರು ಕೂಡಬಹುದೇನ್ರಿ?"

ಅವಳು ಮೂರು ಸಲ ಅಂದಳು. ನಾನೂ ಅಂದೆ. ಕಿಷ್ಟಪ್ಪ ಕೂಡ, ಯಾಕೆಂದು ಕೇಳದೆ, ಕೈ ಮುಗಿದ.

ಮಲ್ಲೇಶ್ವರಿ ಈ ಹೊತ್ತಿನ ತನಕ ಬಲೆಯಿಂದ ಬಿಡಿಸಿ ತಂದ ದೋಣಿಯ ನೀರು ಚೆಲ್ಲುತ್ತಿದ್ದಳು. ಈಗ ಬಂದು ಪದ್ಮಾಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ತಪ್ಪು ನಂದs ಅಮ್ಮಾರ. ಹೊಂಡೋ ಮೊದ್ಲ ಕೇಳಬೇಕಿತ್ತು, ನಿಮಗ ಯಾವ ಮಾತು ಬೇಕಂತ. ಬಲಕ್ಕ ಅನ್ಲೇನು, ಕುಡಿ ಅನ್ಲೇನು, ರೈಟ್ ಅನ್ಲೇನು?"

ನಾನು "ಬಲಕ್ಕ" ಎನ್ನಲು ಬಾಯಿ ತೆರೆದೆ. ಪದ್ಮಾ ನನಗಿಂತ ಮುಂಚೆ ಮಾತಾಡಿದಳು.

"ನಿನಗ ಅವಸರಕ್ಕ ಯಾವುದು ಬರ್ತದ ಅದನ್ನs ಅನ್ನವ್ವ. ನನಗ ಎಲ್ಲಾ ತಿಳೀತದ. ತಿಳೀಲಾರದವರು ದಂಡೀ ಮ್ಯಾಲ ನಿಂತಾರ." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ತುಟಿಯ ಮೂಲೆ ಅಲುಗುತ್ತಿತ್ತು. "ಮೂವತ್ತೈದು ವರ್ಷದಾಗ ಒಂದs ಸಲ ಒದರಿದ್ರಿ. ಅದೂ ತಪ್ಪು."

"ಮತ್ತ... ನೀಲಕಮಲದವರಿಗೆ ಏನು ಹೇಳೋಣ?" ಎಂದೆ. ಹಾಳೆಯ ಶಾಯಿ ನೀರಿನಲ್ಲಿ ಕದಡಿ ಎರಡೂ ಹೆಸರು ಒಂದಾಗಿಹೋಗಿದ್ದವು.

ಅವಳು ಕಂಬಳಿ ಮಡಿಚಿ ಹೊರಸಿನ ಮೇಲಿಟ್ಟಳು, ಒದ್ದೆ ಕಚ್ಚೆಯನ್ನು ಇನ್ನೊಮ್ಮೆ ಬಿಗಿದಳು, ಜಾಕೀಟಿನ ಪಟ್ಟಿ ತಾನೇ ಹಾಕಿಕೊಂಡಳು. ಮಲ್ಲೇಶ್ವರಿ ನನ್ನ ಮುಖ ನೋಡಿದಳು. ಆಗಲೂ ಬೇಡ ಎನ್ನಬಹುದಿತ್ತು. ಉಪವಾಸ, ಬಿಸಿಲು, ಒಮ್ಮೆ ಬಿದ್ದಾಗಿದೆ, ಎಲ್ಲ ಕಾರಣಗಳೂ ನ್ಯಾಯವಾದವೇ. ಏನು ಮಾಡಿದರೆ ಸರಿ ಎಂದು ತಿಳಿಯದೆ, ದೋಣಿಯ ಹಿಂದಿನ ಅಂಚು ಹಿಡಿದು ಒಂದು ಸಲ ದೂಡಿದೆ. ಅದು ಇಷ್ಟು ಹಗುರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವಳು ಕರಿ ಬಂಡೆಯ ಕಡೆಗೆ ಹೋದಳು. ಮಲ್ಲೇಶ್ವರಿ ಹಿಂದೆ. ಅಲ್ಲಿ ಏನೋ ಕೂಗಿದಳು. ಗಾಳಿಗೆ ನನಗೆ ಕೇಳಿಸಲಿಲ್ಲ. ಪದ್ಮಾಳ ದೋಣಿ ಬಲೆಯ ಬಾಟಲಿಗಳನ್ನು ಎಡಕ್ಕೆ ಬಿಟ್ಟು, ಬಂಡೆಯನ್ನು ಸುತ್ತಿ, ಮರೆಯಾಯಿತು. ನನ್ನ ಬಾಯಿ ತಾನಾಗಿ ತೆರೆಯಿತು. ಮುಚ್ಚಿದೆ.

"ಕೂಡ್ರಿ ಸಾರ್" ಎಂದ ಕಿಷ್ಟಪ್ಪ.

ಕೂರಲಿಲ್ಲ. ಎಷ್ಟು ಹೊತ್ತೋ. ಬಂಡೆಯ ಆಚೆ ಬದಿಯಿಂದ ಮೊದಲು ಹುಟ್ಟಿನ ತುದಿ ಕಂಡಿತು, ಆಮೇಲೆ ದೋಣಿಯ ಮೂಗು, ಆಮೇಲೆ ಅವಳು. ಎಡ, ಬಲ, ಎಡ, ಬಲ. ನಾನು ನಿಂತಿದ್ದ ಜಾಗದ ಹತ್ತಿರಕ್ಕೇ ಬಂದಳು. ಕೈ ಹಿಡಿದು ಇಳಿಸಿಕೊಳ್ಳಬೇಕೆಂದು ನೀರಿಗೆ ಇಳಿದೆ. ನನ್ನಿಂದ ಒಂದು ಮಾರು ದೂರದಲ್ಲಿ ಅವಳು ಹುಟ್ಟನ್ನು ಒತ್ತಿದಳು. ದೋಣಿ ನನ್ನ ಎದುರಿನಿಂದಲೇ ತಿರುಗಿ, ಮತ್ತೆ ಬಂಡೆಯ ಕಡೆಗೆ ಹೊರಟಿತು.